ನಿಮಗಿದು ಗೊತ್ತೇ? ಗದ್ದೆ, ಗಾಡಿ, ಮೋಡ: ಹಳ್ಳಿ ಚಿತ್ರಗಳ ಒಳಗುಟ್ಟು

ಬನ್ನೂರು ದಾಟಿ ಸೋಮನಾಥಪುರದ ದಾರಿ ಹಿಡಿದರೆ ಎರಡೂ ಬದಿ ಗದ್ದೆ, ಕಬ್ಬು, ತೆಂಗು, ನಾಲೆ ಏರಿಯ ಮೇಲೆ ಮೇಯುವ ಎಮ್ಮೆ. 'ಒಳ್ಳೇ ಸೀನರಿ ಕಣ್ರೀ' ಎಂದು ಕಾರು ನಿಲ್ಲಿಸಿ ಮೊಬೈಲ್ ತೆಗೆಯುವವರು ಇದ್ದೇ ಇರುತ್ತಾರೆ. ಹೊಲ ಗದ್ದೆಯನ್ನು ಹೀಗೆ ಚೌಕಟ್ಟಿನೊಳಗೆ ಕೂರಿಸಿ ಆನಂದಪಡುವ ಚಾಳಿಯನ್ನು 18ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷರ ದಂಡು ಮೈಸೂರು ಸೀಮೆಗೆ ಹೊತ್ತು ತಂದಿತು. 19ನೇ ಶತಮಾನದ ಯುರೋಪಿನಲ್ಲಿ ಅಂಥ ಚಿತ್ರಗಳು ಹೇರಳವಾಗಿ ಬಂದವು. ಆ ಚಿತ್ರಗಳು ನೋಡುವುದಕ್ಕೆ ತಣ್ಣಗಿವೆ. ಅವು ಹುಟ್ಟಿದ ಕಾಲ ಮಾತ್ರ ತಣ್ಣಗಿರಲಿಲ್ಲ. ಯುದ್ಧ, ಹಸಿವು, ವಿಷ, ವ್ಯಾಪಾರ ಎಲ್ಲವೂ ಅವುಗಳ ಬೆನ್ನಿಗಿದ್ದವು. ಒಂದೊಂದಾಗಿ ನೋಡೋಣ.

ಹೊಳೆಯಲ್ಲಿ ನಿಂತ ಗಾಡಿ

● ಯುರೋಪಿನ ಹಳ್ಳಿ ಚಿತ್ರ ಎಂದರೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಮುಗಿಸಿದ 'ದಿ ಹೇ ವೇನ್', ಅಂದರೆ ಹುಲ್ಲಿನ ಗಾಡಿ. ಸುಮಾರು 185 ಸೆಂ.ಮೀ. ಅಗಲ, 130 ಸೆಂ.ಮೀ. ಎತ್ತರದ ಈ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎಡಕ್ಕೆ ಹೊಳೆಯಂಚಿನ ಮನೆ, ದಡದಲ್ಲಿ ಒಂದು ನಾಯಿ, ನಡುವೆ ನೀರಿನಲ್ಲಿ ಕುದುರೆ ಕಟ್ಟಿದ ಗಾಡಿ. ಹೆಸರು ಹುಲ್ಲಿನ ಗಾಡಿ ಎಂದಿದ್ದರೂ ಗಾಡಿಯಲ್ಲಿ ಹುಲ್ಲಿಲ್ಲ! ಹುಲ್ಲು ತುಂಬುತ್ತಿರುವ ಇನ್ನೊಂದು ಗಾಡಿಯನ್ನು ನೋಡಬೇಕಾದರೆ ಬಲಗಡೆ ದೂರದ ಹೊಲದತ್ತ ಕಣ್ಣು ಹಾಯಿಸಬೇಕು.

● ಗಾಡಿ ನೀರಿನ ಮಧ್ಯೆ ಯಾಕೆ ನಿಂತಿದೆ? ಹಲವರು ಕೊಡುವ ಉತ್ತರ ಇದು: ಬೇಸಿಗೆಯಲ್ಲಿ ಮರದ ಚಕ್ರ ಒಣಗಿ ಸೊರಗುತ್ತದೆ, ಸುತ್ತ ಬಿಗಿದ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ಸ್ವಲ್ಪ ಹೊತ್ತು ನೀರಲ್ಲಿ ನೆನೆದರೆ ಮರ ಉಬ್ಬಿ ಪಟ್ಟಿ ಮತ್ತೆ ಬಿಗಿಯುತ್ತದೆ. ಕುದುರೆಗಳಿಗೂ ನೀರು ಕುಡಿದಂತಾಯಿತು. ಎತ್ತಿನಗಾಡಿ ಹೊಡೆದು ಗೊತ್ತಿರುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

● ಆ ಹೊಳೆ ಸಫೋಕ್ ಪ್ರಾಂತ್ಯದ ಸ್ಟೌರ್. ಜಾಗದ ಹೆಸರು ಫ್ಲ್ಯಾಟ್‌ಫರ್ಡ್. ಅಲ್ಲಿನ ಹಿಟ್ಟಿನ ಗಿರಣಿ ಚಿತ್ರಕಾರನ ತಂದೆಯದೇ. ಅಷ್ಟು ಸೌಮ್ಯವಾಗಿ ಕಾಣುವ ನೀರು ತಾನಾಗಿ ಹಾಗೆ ಹರಿದದ್ದಲ್ಲ, ಸರಕಿನ ದೋಣಿ ಸಾಗಲೆಂದು ಗೇಟು ಕಟ್ಟಿ ಪಳಗಿಸಿದ್ದು. ನಮ್ಮಲ್ಲೂ ಅದೇ ಕಥೆ. ತಲಕಾಡಿನ ಬಳಿ ಕಾವೇರಿಗೆ ಅಡ್ಡಲಾಗಿ ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆ ಇದೆ. ತಿ. ನರಸೀಪುರ, ನಂಜನಗೂಡು ತಾಲ್ಲೂಕಿನ ಹೊಲಗಳಿಗೆ ವರುಣಾ ನಾಲೆಯ ನೀರು ಬರುತ್ತದೆ. ನಾವು 'ಪ್ರಕೃತಿ' ಎಂದು ಮೆಚ್ಚುವ ಹಸಿರಿನಲ್ಲಿ ಮುಕ್ಕಾಲು ಪಾಲು ಮನುಷ್ಯರ ಕೈಕೆಲಸ.

● ಕಾನ್‌ಸ್ಟೆಬಲ್ ಈ ಚಿತ್ರವನ್ನು ಹೊಳೆ ದಡದಲ್ಲಿ ಕೂತು ಬರೆಯಲಿಲ್ಲ. ಹಳೆಯ ಸ್ಕೆಚ್ಚುಗಳನ್ನು ಮುಂದಿಟ್ಟುಕೊಂಡು ಲಂಡನ್ನಿನ ಮನೆಯಲ್ಲಿ ಬರೆದ. ಗಾಡಿಯ ವಿವರ ಸರಿಯಾಗಿ ನೆನಪಿಲ್ಲದೆ, ಊರಿನಲ್ಲಿದ್ದ ಪರಿಚಯದ ಹುಡುಗನಿಂದ ಗಾಡಿಯ ಚಿತ್ರ ಬರೆಸಿ ತರಿಸಿಕೊಂಡ!

● 1821ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕಿಟ್ಟಾಗ ಅದರ ಹೆಸರು 'ಲ್ಯಾಂಡ್‌ಸ್ಕೇಪ್: ನೂನ್'. ಕೊಳ್ಳುವವರೇ ಸಿಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನಕ್ಕೆ ಹೋದಾಗ ಚಿನ್ನದ ಪದಕ ಬಂತು. ಹಿತ್ತಲ ಗಿಡ ಮದ್ದಲ್ಲ ಎಂಬುದು ಇಂಗ್ಲೆಂಡಿಗೂ ಹೊಂದುವ ಮಾತು. ರಾಯಲ್ ಅಕಾಡೆಮಿ ಆತನನ್ನು ಪೂರ್ಣ ಸದಸ್ಯನನ್ನಾಗಿ ಮಾಡಿಕೊಂಡಿದ್ದು 1829ರಲ್ಲಿ. ಆಗ ಆತನಿಗೆ 52 ವರ್ಷ.

● ಚಿತ್ರದಲ್ಲಿ ಎಲ್ಲೂ ಗಲಾಟೆಯ ಸುಳಿವಿಲ್ಲ. ಆದರೆ ಅದೇ ಪೂರ್ವ ಇಂಗ್ಲೆಂಡಿನ ಹಳ್ಳಿಗಳಲ್ಲಿ 1816ರಲ್ಲೂ 1822ರಲ್ಲೂ ಕೂಲಿಕಾರರ ದಂಗೆಗಳಾದವು. ಕೂಲಿ ಇಳಿದಿತ್ತು, 1816ರಲ್ಲಂತೂ ರೊಟ್ಟಿಯೂ ತುಟ್ಟಿಯಾಗಿತ್ತು. ಕೆಲಸ ಕಸಿದುಕೊಂಡ ಒಕ್ಕಣೆ ಯಂತ್ರಗಳನ್ನು ಜನ ಒಡೆದು ಹಾಕಿದರು. 'ಹುಲ್ಲಿನ ಗಾಡಿ' ಈ ಎರಡು ದಂಗೆಗಳ ನಡುವೆ ಹುಟ್ಟಿದ ಕೂಸು.

● ಕಾನ್‌ಸ್ಟೆಬಲ್‌ಗೆ ಮೋಡದ ಹುಚ್ಚು. 1821-22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್ ದಿಣ್ಣೆಯಲ್ಲಿ ಕೂತು ಬರೀ ಆಕಾಶವನ್ನೇ ಹತ್ತಾರು ಸಲ ಬರೆದ. ಚಿತ್ರದ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿ ಬೀಸುವ ದಿಕ್ಕು ಗುರುತು ಹಾಕಿಡುತ್ತಿದ್ದ. ಮೋಡಗಳಿಗೆ ಕ್ಯುಮುಲಸ್, ಸಿರಸ್ ಎಂದೆಲ್ಲ ಹೆಸರಿಟ್ಟ ಲ್ಯೂಕ್ ಹೊವರ್ಡ್ ತನ್ನ ಪಟ್ಟಿಯನ್ನು ಮಂಡಿಸಿದ್ದು 1802ರಲ್ಲಿ, ಇದಕ್ಕೆ ಎರಡೇ ದಶಕ ಮೊದಲು.

● 2022ರ ಜುಲೈನಲ್ಲಿ ಹವಾಮಾನ ಹೋರಾಟಗಾರರಿಬ್ಬರು 'ಹುಲ್ಲಿನ ಗಾಡಿ' ಚಿತ್ರದ ಚೌಕಟ್ಟಿಗೆ ತಮ್ಮ ಕೈಗಳನ್ನೇ ಗೋಂದಿನಿಂದ ಅಂಟಿಸಿಕೊಂಡರು. ಅದಕ್ಕೂ ಮೊದಲು ಹೊಳೆಯ ಜಾಗದಲ್ಲಿ ಟಾರು ರಸ್ತೆ, ಆಕಾಶದಲ್ಲಿ ವಿಮಾನ ಇರುವ ಇನ್ನೊಂದು ಚಿತ್ರವನ್ನು ಅದರ ಮೇಲೆ ಹೊದಿಸಿದ್ದರು.

ದಂಡಿನ ಜೊತೆ ಬಂದ ಕುಂಚ

● ಮೈಸೂರು ಸೀಮೆಯ ಗುಡ್ಡ, ಕೋಟೆ, ತೋಪುಗಳನ್ನು ಯುರೋಪಿನ ರೀತಿಯಲ್ಲಿ ಮೊದಮೊದಲು ಚಿತ್ರಿಸಿದವರಲ್ಲಿ ಹೆಚ್ಚಿನವರು ಟಿಪ್ಪುವಿನ ಮೇಲೆ ಏರಿಬಂದ ದಂಡಿನಲ್ಲಿದ್ದವರು. ಜೇಮ್ಸ್ ಹಂಟರ್ ಫಿರಂಗಿ ದಳದ ಲೆಫ್ಟಿನೆಂಟ್. ರಾಬರ್ಟ್ ಕೋಲ್‌ಬ್ರುಕ್ ಭೂಮಾಪಕ. ರಾಬರ್ಟ್ ಹೋಮ್ ಮಾತ್ರ ವೃತ್ತಿಯಿಂದಲೇ ಚಿತ್ರಕಾರ. ಆತ 1791-92ರಲ್ಲಿ ಇಂಗ್ಲಿಷ್ ದಂಡಿನ ನಾಯಕ ಕಾರ್ನ್‌ವಾಲಿಸ್‌ನ ಸೈನ್ಯದ ಹಿಂದೆಯೇ ತಿರುಗಿದ.

● ಸಿಪಾಯಿಗಳಿಗೆ ಚಿತ್ರ ಬರೆಯುವುದು ಹೇಗೆ ಬಂತು? ಅದು ಪಾಠದ ಪಟ್ಟಿಯಲ್ಲೇ ಇತ್ತು. ಫಿರಂಗಿ ದಳದ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ವೂಲಿಚ್ ಸೈನಿಕ ಶಾಲೆಯಲ್ಲಿ ಹೆಸರಾಂತ ಭೂದೃಶ್ಯ ಚಿತ್ರಕಾರ ಪಾಲ್ ಸ್ಯಾಂಡ್‌ಬಿ 1768ರಿಂದ ಮುಖ್ಯ ಡ್ರಾಯಿಂಗ್ ಮೇಷ್ಟ್ರು. ಗುಡ್ಡ ಎಷ್ಟು ಕಡಿದು, ಹೊಳೆ ಎಲ್ಲಿ ದಾಟಬಹುದು, ಕೋಟೆ ಗೋಡೆ ಎಲ್ಲಿ ತಗ್ಗು? ಕ್ಯಾಮೆರಾ ಇಲ್ಲದ ಕಾಲದಲ್ಲಿ ಇದೆಲ್ಲ ಕಾಗದದ ಮೇಲೆ ಬರಬೇಕಿತ್ತು. ಅದೇ ಕೈ ಬಿಡುವಿನಲ್ಲಿ ಆಲದಮರ, ಮಂಟಪ ಬರೆಯಿತು.

● ಹಂಟರ್ 1792ರಲ್ಲೇ ತೀರಿಕೊಂಡ. ಆತನ 40 ಚಿತ್ರಗಳ 'ಪಿಕ್ಚರೆಸ್ಕ್ ಸೀನರಿ ಇನ್ ದ ಕಿಂಗ್‌ಡಮ್ ಆಫ್ ಮೈಸೂರ್' ಲಂಡನ್ನಿನಲ್ಲಿ ಪ್ರಕಟವಾದದ್ದು 1805ರಲ್ಲಿ. ಬೆಂಗಳೂರು ಕೋಟೆಯ ಡೆಲ್ಲಿ ಗೇಟ್, ಶ್ರೀರಂಗಪಟ್ಟಣ, ಹೊಸೂರು ಎಲ್ಲ ಅದರಲ್ಲಿವೆ. ಬರೆದವನು ಪುಸ್ತಕ ನೋಡಲಿಲ್ಲ. ನೋಡಿದವರಲ್ಲಿ ಬಹುಪಾಲು ಜನ ಮೈಸೂರನ್ನು ನೋಡಿರಲಿಲ್ಲ.

● ಇಂಥ ಚಿತ್ರಗಳಲ್ಲಿ ದನಗಳು ನೆಮ್ಮದಿಯಾಗಿ ನಿಂತಿರುತ್ತವೆ. ಅದೇ ಯುದ್ಧದಲ್ಲಿ ನಿಜವಾದ ದನಗಳ ಗತಿ ಏನಾಯಿತು? 1791ರ ಮೇ ತಿಂಗಳಲ್ಲಿ ಬನ್ನೂರಿಗೆ ಹತ್ತಿರದ ಅರಕೆರೆಯಲ್ಲಿ ಕಾಳಗವಾಯಿತು. ಕಾರ್ನ್‌ವಾಲಿಸ್ ಗೆದ್ದ, ಆದರೆ ಮೇವಿಲ್ಲದೆ, ರೋಗ ಬಡಿದು ಅವನ ಫಿರಂಗಿ ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯುವ ಜೀವವೇ ಇಲ್ಲದ ಮೇಲೆ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂದಿರುಗಿದ.

● ಕಾಕಾ ಥಾಮಸ್, ಅಣ್ಣನ ಮಗ ವಿಲಿಯಂ. ಈ ಡೇನಿಯಲ್ ಚಿತ್ರಕಾರ ಜೋಡಿ 1792ರಲ್ಲಿ, ಯುದ್ಧ ಮುಗಿದ ಬೆನ್ನಿಗೇ ಬೆಂಗಳೂರಿನ ಮೂಲಕ ದಕ್ಷಿಣಕ್ಕೆ ಹೋಯಿತು. ಬಿಂಬವನ್ನು ಕಾಗದದ ಮೇಲೆ ಬೀಳಿಸಿ ಗೆರೆ ಎಳೆಯಲು ಅನುವಾಗುವ ಕ್ಯಾಮೆರಾ ಅಬ್ಸ್‌ಕ್ಯೂರಾ ಪೆಟ್ಟಿಗೆಯೂ ಜೊತೆಗಿತ್ತು. 1795ರಿಂದ 1808ರವರೆಗೆ ಹೊರಬಂದ ಅವರ 'ಓರಿಯೆಂಟಲ್ ಸೀನರಿ'ಯಲ್ಲಿ 144 ಚಿತ್ರಗಳಿವೆ.

● ಡೇನಿಯಲ್ಲರ ಆ ಪುಸ್ತಕದಲ್ಲಿ ಕಾಶಿಯ ಘಟ್ಟ ಉಂಟು, ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ಇಲ್ಲ. ಕಾಶಿಗಿಂತ ಒಂದು ಗುಲಗಂಜಿ ತೂಕ ಪುಣ್ಯ ಹೆಚ್ಚು ಎಂದು ಗುಂಜಾ ನರಸಿಂಹಸ್ವಾಮಿಯ ಊರಿನವರು ಹೇಳಿಕೊಳ್ಳುತ್ತಾರಲ್ಲ, ಆ ಮಾತು ಡೇನಿಯಲ್ಲರ ಕಿವಿಗೆ ಬಿದ್ದಿರಲಿಕ್ಕಿಲ್ಲ.

● ಇಂಗ್ಲೆಂಡಿನ ಇನ್ನೊಬ್ಬ ಮಹಾ ಭೂದೃಶ್ಯಕಾರ ಟರ್ನರ್ ಶ್ರೀರಂಗಪಟ್ಟಣದ ಮುತ್ತಿಗೆಯನ್ನು 1800ರ ಸುಮಾರಿಗೆ ಜಲವರ್ಣದಲ್ಲಿ ಬರೆದ. ಲಂಡನ್ನಿನ ಟೇಟ್ ಸಂಗ್ರಹದಲ್ಲಿ ಅದಿದೆ. ಸ್ವಾರಸ್ಯ ಏನೆಂದರೆ ಟರ್ನರ್ ಒಂದು ದಿನವೂ ಭಾರತದಲ್ಲಿ ಕಾಲಿಟ್ಟವನಲ್ಲ. ಅದೇ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಟಿಪ್ಪುವಿನ ಕೋಟೆ ಬಿದ್ದ ದೃಶ್ಯವನ್ನು ಸುಮಾರು 120 ಅಡಿ ಉದ್ದಕ್ಕೆ ಬರೆದು ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಅವನೂ ಇಲ್ಲಿಗೆ ಬಂದಿರಲಿಲ್ಲ!

ಬಣ್ಣದ ಪೆಟ್ಟಿಗೆಯಲ್ಲಿ ಏನಿತ್ತು?

● ಟೂತ್‌ಪೇಸ್ಟ್ ಟ್ಯೂಬಿಗಿಂತ ಬಣ್ಣದ ಟ್ಯೂಬೇ ಹಿರಿಯಣ್ಣ. ಲಂಡನ್ನಿನಲ್ಲಿದ್ದ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಬಾಯಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಬೇಕು, ಉಳಿದದ್ದು ಒಣಗಿ ಗಟ್ಟಿಯಾಗುತ್ತಿತ್ತು. ಟ್ಯೂಬ್ ಬಂದ ಮೇಲೆಯೇ ಚಿತ್ರಕಾರರು ಬಣ್ಣವನ್ನು ಜೇಬಿಗೆ ಹಾಕಿಕೊಂಡು ಹೊಲದಂಚಿಗೆ ಧೈರ್ಯವಾಗಿ ಹೊರಟದ್ದು.

● ಇಂಗ್ಲೆಂಡಿನ ಸಂಜೆ ಬೆಳಕಿಗೆ ಬಿಹಾರದ ಹಸುವಿನ ಋಣವಿದೆ. 'ಇಂಡಿಯನ್ ಯೆಲ್ಲೋ' ಎಂಬ ಹೊಳೆಯುವ ಹಳದಿ ಮುಂಗೇರ್ ಬಳಿಯ ಹಳ್ಳಿಯಿಂದ ಹೋಗುತ್ತಿತ್ತು. ಅಲ್ಲಿಗೇ ಹೋಗಿ ನೋಡಿದ ಟಿ.ಎನ್. ಮುಖರ್ಜಿ, ಹಸುಗಳಿಗೆ ಬರೀ ಮಾವಿನೆಲೆ ತಿನ್ನಿಸಿ ಅವುಗಳ ಗಂಜಲವನ್ನು ಕಾಯಿಸಿ ಈ ಬಣ್ಣದ ಉಂಡೆ ಕಟ್ಟುತ್ತಾರೆ ಎಂದು 1883ರಲ್ಲಿ ಬರೆದರು. ಹಸುಗಳು ಬಡಕಲಾಗಿದ್ದವು ಎಂಬುದನ್ನೂ ದಾಖಲಿಸಿದರು.

● ಹುಲ್ಲುಗಾವಲಿನ ಹಸಿರಿನಲ್ಲಿ ವಿಷ! 1814ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ತಯಾರಾಗತೊಡಗಿದ 'ಎಮರಾಲ್ಡ್ ಗ್ರೀನ್' ಎಂಬ ಬೆಳಗುವ ಹಸಿರು ತಾಮ್ರ ಮತ್ತು ಆರ್ಸೆನಿಕ್ ಸೇರಿದ ಪುಡಿ. ಅದೇ ವಸ್ತು ಮುಂದೆ ಇಲಿ, ಕೀಟ ಕೊಲ್ಲುವುದಕ್ಕೂ ಬಳಕೆಯಾಯಿತು. ವಿಷವಿಲ್ಲದ 'ವಿರಿಡಿಯನ್' ಹಸಿರಿಗೆ ಪೇಟೆಂಟ್ ಸಿಕ್ಕಿದ್ದು 1859ರಲ್ಲಿ.

● ಆಕಾಶಕ್ಕೆ ಬೇಕಾದ ಒಳ್ಳೆಯ ನೀಲಿ ಮೊದಲು ಆಫ್ಘಾನಿಸ್ತಾನದ ರಾಜಾವರ್ತ ಕಲ್ಲಿನಿಂದ ಬರುತ್ತಿತ್ತು, ಬೆಲೆ ಕೇಳುವ ಹಾಗಿರಲಿಲ್ಲ. 1802ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಥೆನಾರ್ ಕೋಬಾಲ್ಟ್ ನೀಲಿ ಮಾಡುವ ದಾರಿ ಕಂಡುಹಿಡಿದ. ಆಮೇಲೆ ಬಡ ಚಿತ್ರಕಾರನ ಕ್ಯಾನ್ವಾಸಿನಲ್ಲೂ ಆಕಾಶ ಅಗಲವಾಯಿತು.

● ಅದೇ ಹೊತ್ತಿಗೆ ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರು ಕಲ್ಲು, ಸೊಪ್ಪು, ಖನಿಜಗಳಿಂದ ಬಣ್ಣ ಅರೆಯುತ್ತಿದ್ದರು. ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ಗೋಂದು, ಅಂಟು ಕಲಸಿ ಒಡವೆಯ ಭಾಗವನ್ನು ತೆಳ್ಳಗೆ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ಅಲ್ಲಿ ಗಿಡಮರ ದೇವರ ಹಿಂದೆ ನಿಲ್ಲಬೇಕು. ಬರೀ ಗದ್ದೆಯನ್ನು ಬರೆದು ಚೌಕಟ್ಟು ಹಾಕಿಸಿ ಎಂದು ಯಾರೂ ಕೇಳುತ್ತಿರಲಿಲ್ಲ.

ಹಕ್ಕಲು ಆಯುವವರು, ಮೆದೆ ಕಟ್ಟಿದವರು

● ಕೊಯ್ಲು ಮುಗಿದ ಹೊಲದಲ್ಲಿ ಬಿದ್ದ ತೆನೆ ಆರಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಹಕ್ಕಲು ಆಯುವುದು ಎನ್ನುತ್ತಾರೆ. ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಬರೆದ 'ದ ಗ್ಲೀನರ್ಸ್' ಇದೇ ಕೆಲಸ ಮಾಡುವ ಮೂವರು ಹೆಂಗಸರ ಚಿತ್ರ. ಇಬ್ಬರು ಪೂರಾ ಬಾಗಿದ್ದಾರೆ, ಮೂರನೆಯವಳು ಅರ್ಧ ಎದ್ದಿದ್ದಾಳೆ. ದೂರದಲ್ಲಿ ಧಣಿಯ ಮೆದೆಗಳು ಸಾಲಾಗಿ ಎದ್ದಿವೆ, ಕುದುರೆ ಮೇಲೊಬ್ಬ ಮೇಸ್ತ್ರಿ ಕೂತಿದ್ದಾನೆ. ಈಗ ನಮಗೆ ಶಾಂತವಾಗಿ ಕಾಣುವ ಈ ಚಿತ್ರ ಅಂದಿನ ಪ್ಯಾರಿಸ್ಸಿನ ಸಿರಿವಂತರನ್ನು ಬೆಚ್ಚಿಬೀಳಿಸಿತು. 1848ರ ಕ್ರಾಂತಿ ಇನ್ನೂ ಹಸಿಯಾಗಿತ್ತು. ಬಡವರನ್ನು ಇಷ್ಟು ದೊಡ್ಡದಾಗಿ ಬರೆದರೆ ಮತ್ತೆ ಗಲಭೆಯಾದೀತು ಎಂಬ ಭಯ ಅವರಿಗೆ.

● ಮಿಲೆಯ ಇನ್ನೊಂದು ಚಿತ್ರ 'ದಿ ಏಂಜಲಸ್': ಮುಸ್ಸಂಜೆ, ಆಲೂಗಡ್ಡೆ ಅಗೆಯುತ್ತಿದ್ದ ಗಂಡ ಹೆಂಡತಿ ಚರ್ಚಿನ ಗಂಟೆ ಕೇಳಿ ತಲೆಬಾಗಿ ನಿಂತಿದ್ದಾರೆ. ಬರೆಯಲು ಹೇಳಿದ್ದ ಅಮೆರಿಕದ ಗಿರಾಕಿ ಒಯ್ಯಲು ಬರಲೇ ಇಲ್ಲ. ಮಿಲೆ ಅದನ್ನು 1,000 ಫ್ರಾಂಕಿಗೆ ಮಾರಿದ. ಆತ ಸತ್ತದ್ದು 1875ರಲ್ಲಿ. 1889ರಲ್ಲಿ ಹರಾಜಿಗೆ ಬಂದಾಗ ಅದೇ ಚಿತ್ರಕ್ಕೆ 5,53,000 ಫ್ರಾಂಕ್! ಬರೆದವನ ಮನೆಯವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

● ಈ ಅನ್ಯಾಯದ ಮಾತು ಬೆಳೆದು ಬೆಳೆದು 1920ರಲ್ಲಿ ಫ್ರಾನ್ಸ್ ಒಂದು ಕಾನೂನು ತಂದಿತು: ಚಿತ್ರ ಮರುಮಾರಾಟವಾದಾಗ ಬರೆದವನಿಗೆ ಅಥವಾ ಅವನ ವಾರಸುದಾರರಿಗೆ ಪಾಲು ಕೊಡಬೇಕು. ಆ ಕಾನೂನಿನ ಸೋದರ ನಮ್ಮ ದೇಶದಲ್ಲೂ ಇದ್ದಾನೆ. ಅವನನ್ನು ಕೊನೆಯಲ್ಲಿ ಭೇಟಿಯಾಗೋಣ.

● ಫ್ರಾನ್ಸಿನ ಇನ್ನೊಬ್ಬ ಚಿತ್ರಕಾರ ಮೋನೆ 1890-91ರಲ್ಲಿ ಒಂದೇ ಹೊಲದ ಮೆದೆಗಳನ್ನು ಬೇರೆ ಬೇರೆ ಬೆಳಕಿನಲ್ಲಿ 25 ಸಲ ಬರೆದ. ಎಲ್ಲರೂ ಹುಲ್ಲಿನ ಮೆದೆ ಎನ್ನುತ್ತಾರೆ. ಒಳಗಿರುವುದು ಒಕ್ಕಣೆಯಾಗದ ತೆನೆ ಸಮೇತದ ಗೋಧಿ ಕಂತೆ. 2019ರಲ್ಲಿ ಅವುಗಳಲ್ಲೊಂದು 11.07 ಕೋಟಿ ಡಾಲರಿಗೆ ಹರಾಜಾಯಿತು. ಮೆದೆ ಕಟ್ಟಿದ ರೈತನಿಗೆ ಸಿಕ್ಕಿದ್ದು ಗೋಧಿಯ ಬೆಲೆ ಅಷ್ಟೇ.

● ಈ ಸಾಲಿನ ಒಂದು ಮೆದೆಯನ್ನು 1896ರಲ್ಲಿ ಮಾಸ್ಕೋದಲ್ಲಿ ನೋಡಿದ ರಷ್ಯದ ಕ್ಯಾಂಡಿನ್‌ಸ್ಕಿಗೆ ಅದು ಏನೆಂದೇ ಗುರುತು ಸಿಗಲಿಲ್ಲ. ಆದರೂ ಮನಸ್ಸು ಹಿಡಿದಿಟ್ಟಿತು. ವಸ್ತುವೇ ಇಲ್ಲದೆ ಚಿತ್ರ ಇರಬಹುದೇ ಎಂಬ ಯೋಚನೆಗೆ ಅದೂ ಒಂದು ಬೀಜ. ಮುಂದೆ ಅಮೂರ್ತ ಚಿತ್ರಕಲೆಗೆ ದಾರಿ ಹಾಕಿದವರಲ್ಲಿ ಆತ ಮೊದಲ ಸಾಲಿನವನು.

● ಚಿತ್ರಕಾರರು ಕಾಡು ಉಳಿಸಿದ ಉದಾಹರಣೆಯೂ ಉಂಟು. ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಕಾಡಿನ ಹಳೆಯ ಓಕ್ ಮರಗಳನ್ನು ಕಡಿಯುತ್ತಿದ್ದಾಗ, ಪಕ್ಕದ ಬಾರ್ಬಿಜೋನ್ ಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಥಿಯೋಡೋರ್ ರೂಸೊ ಮತ್ತು ಗೆಳೆಯರು ಎದ್ದು ನಿಂತರು. 1861ರಲ್ಲಿ ಸಾವಿರ ಹೆಕ್ಟೇರಿಗೂ ಮೀರಿದ ಕಾಡನ್ನು 'ಕಲಾ ಮೀಸಲು' ಎಂದು ಘೋಷಿಸಲಾಯಿತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಗಿದ್ದು ಅದರ 11 ವರ್ಷದ ನಂತರ.

● ಪಟ್ಟಣದ ಗದ್ದಲದಿಂದ ದೂರ ಎಂದು ಹೊರಟ ಈ ಚಿತ್ರಕಾರರಲ್ಲಿ ಬಹಳ ಮಂದಿ ಹೋದದ್ದು ರೈಲಿನಲ್ಲಿ. ಫಾಂಟೆನ್‌ಬ್ಲೋಗೆ ರೈಲು ಬಂದದ್ದು 1849ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಕಪಿಲೆ ದಾಟಲು ಅದಕ್ಕೆ ಹೆಗಲು ಕೊಟ್ಟಿದ್ದು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ! ಎತ್ತಿನಗಾಡಿಗೆಂದು ಕಟ್ಟಿದ ಕಮಾನುಗಳು ರೈಲನ್ನೂ ಹೊತ್ತವು.

ಬಿಸಿಲಿನ ಲೆಕ್ಕ

● ಸಫೋಕ್‌ನ ಫ್ಲ್ಯಾಟ್‌ಫರ್ಡ್ 52 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ಸೋಮನಾಥಪುರ 12 ಡಿಗ್ರಿಯ ಹತ್ತಿರ. ಡಿಸೆಂಬರಿನ ಮಟಮಟ ಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಏರುತ್ತಾನೆ, ಜೂನ್‌ನಲ್ಲೂ 61 ದಾಟಿ ಹೆಚ್ಚು ಏರುವುದಿಲ್ಲ. ಹೀಗಾಗಿ ಅಲ್ಲಿ ಎಷ್ಟು ಹೊತ್ತಿಗೂ ಮರಕ್ಕೆ ಓರೆ ಬೆಳಕು, ಪಕ್ಕಕ್ಕೆ ನೆರಳು. ಚಿತ್ರಕಾರನಿಗೆ ಹಬ್ಬ. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆರಳು ಕಾಲಡಿಗೆ ಸೇರುತ್ತದೆ.

● ಸೋಮನಾಥಪುರದ ಕೇಶವ ದೇವಾಲಯದ ಶಿಲ್ಪ ನೋಡಲು ಬೆಳಿಗ್ಗೆ ಅಥವಾ ಸಂಜೆ ಹೋಗಿ ಎನ್ನುವುದೂ ಇದಕ್ಕೇ. ಓರೆ ಬೆಳಕಿಗೆ ಕೆತ್ತನೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಸೂರಿನಡಿಯ ಮೂರ್ತಿಗಳು ಕತ್ತಲೆ ಕಟ್ಟುತ್ತವೆ.

● ನಮ್ಮ ಮುಸ್ಸಂಜೆ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಉತ್ತರ ಯುರೋಪಿನ ಬೇಸಿಗೆಯಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಮಬ್ಬುಬೆಳಕು ಗಂಟೆಗಟ್ಟಲೆ ಉಳಿಯುತ್ತದೆ. ಆ ಚಿತ್ರಗಳಲ್ಲಿ ಸಂಜೆಗಳೇ ಹೆಚ್ಚಿದ್ದರೆ ಅದಕ್ಕೆ ಬರೀ ಕವಿಹೃದಯ ಕಾರಣವಲ್ಲ, ಬರೆಯಲು ಸಮಯವೂ ಸಿಗುತ್ತಿತ್ತು.

● ದೂರದ ಬೆಟ್ಟ ನುಣ್ಣಗೆ ಎಂಬುದು ಗಾದೆ, ನೀಲಿ ಎಂಬುದು ವಿಜ್ಞಾನ. ನಮಗೂ ಬೆಟ್ಟಕ್ಕೂ ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಹತ್ತಿರದ್ದಕ್ಕೆ ಗಾಢ ಹಸಿರು, ದೂರದ್ದಕ್ಕೆ ತೆಳು ನೀಲಿ ಹಚ್ಚಿದರೆ ಚಪ್ಪಟೆ ಹಾಳೆಯಲ್ಲೂ ಮೈಲಿಗಟ್ಟಲೆ ಆಳ ಬರುತ್ತದೆ.

● 18ನೇ ಶತಮಾನದ ಇಂಗ್ಲಿಷ್ ಪ್ರವಾಸಿಗರು ಒಳ್ಳೆಯ ನೋಟ ಸಿಕ್ಕರೆ ಅದಕ್ಕೆ ಬೆನ್ನು ತಿರುಗಿಸುತ್ತಿದ್ದರು! ಕೈಯಲ್ಲಿ 'ಕ್ಲಾಡ್ ಗ್ಲಾಸ್' ಎಂಬ ಕಪ್ಪು ಉಬ್ಬುಗನ್ನಡಿ. ಅದರಲ್ಲಿ ಹಿಂದಿನ ಹೊಳೆ, ಗುಡ್ಡ ಪುಟ್ಟದಾಗಿ, ಮಬ್ಬಾಗಿ, ಚಿತ್ರದಂತೆ ಕಾಣುತ್ತಿತ್ತು. ಸೆಲ್ಫಿ ನಮ್ಮ ಕಾಲದ ರೋಗ ಎಂದು ಯಾರೂ ಬೇಸರಪಡಬೇಕಿಲ್ಲ.

● ಹೀಗೆ ನೋಟಕ್ಕೆ ಅಂಕ ಕೊಡುವುದನ್ನು ಕಲಿಸಿದ ಪಾದ್ರಿ ವಿಲಿಯಂ ಗಿಲ್ಪಿನ್ 1782ರ ತನ್ನ ಪುಸ್ತಕದಲ್ಲಿ, ಪಾಳುಬಿದ್ದ ಟಿಂಟರ್ನ್ ಮಠದ ಗೋಡೆಯನ್ನು ಸುತ್ತಿಗೆಯಿಂದ ಇನ್ನಷ್ಟು ಒಡೆದರೆ ಚಿತ್ರಕ್ಕೆ ಚೆನ್ನಾಗಿರುತ್ತಿತ್ತು ಎಂದು ಸೂಚಿಸಿದ. ಆ ಮಹಾಶಯ ಸೋಮನಾಥಪುರಕ್ಕೆ ಬರಲಿಲ್ಲ, ನಮ್ಮ ಪುಣ್ಯ.

ನಮ್ಮ ಗೋಡೆಗೆ ಬಂದದ್ದು

● ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಕಟ್ಟಿಸಿ, 13ನೇ ಶತಮಾನದಲ್ಲಿ ಸೋಮನಾಥಪುರದ ಕೇಶವ ಗುಡಿ ಎಬ್ಬಿಸಿದ. ಹೊರಗೋಡೆಯ ಪಟ್ಟಿಕೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳಿವೆ. ಕಾಡಿನ ಪ್ರಸಂಗ ಬಂದರೆ ಶಿಲ್ಪಿ ಒಂದೆರಡು ಮರ ಕಡೆದು ಮುಂದಕ್ಕೆ ಹೋಗುತ್ತಾನೆ. ಒಂದು ಮರ ಇದ್ದರೆ ಕಾಡು ಎಂದು ನೋಡುವವರು ತಿಳಿಯಬೇಕು. ಮರ ಇಲ್ಲಿ ಕಥೆಗೆ ದುಡಿಯುತ್ತದೆ. ಕಾನ್‌ಸ್ಟೆಬಲ್‌ನಲ್ಲಿ ಕಥೆಯೇ ಮರ.

● ಇಂಗ್ಲಿಷ್ ಭೂದೃಶ್ಯಕಾರರಲ್ಲಿ ಹೆಚ್ಚಿನವರು ಸಹಿ ಹಾಕಿ ಹೆಸರಾದರು ಎಂದು ನಾವು ಬೆರಗಾಗುವುದು ಬೇಡ. ಸೋಮನಾಥಪುರದ ಹಲವು ಮೂರ್ತಿಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಕನ್ನಡದಲ್ಲೇ ಕೆತ್ತಿದೆ. 'ಹೇ ವೇನ್'ಗಿಂತ ಐನೂರು ವರ್ಷಕ್ಕೂ ಹಳೆಯ ಸಹಿ ಅದು.

● ಮೈಸೂರು ಪುರಾತತ್ವ ಇಲಾಖೆ ತನ್ನ ಗ್ರಂಥಮಾಲೆಯ ಮೊದಲ ಪುಸ್ತಕಕ್ಕೆ ಆರಿಸಿಕೊಂಡಿದ್ದು ಈ ಗುಡಿಯನ್ನೇ. 1917ರ ಆ ಪುಸ್ತಕ ಬರೆದವರು 'ಕರ್ನಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು. ಬೇಲೂರು, ಹಳೇಬೀಡಿನ ಜೊತೆ ಈ ಗುಡಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2023ರಲ್ಲಿ.

● ರಾಜಾ ರವಿವರ್ಮನ ತಮ್ಮ ಸಿ. ರಾಜರಾಜವರ್ಮನ ಹೆಸರು ಕೇಳಿದ್ದೀರಾ? ಹಳ್ಳಿ, ಹೊಳೆ, ತೋಟಗಳನ್ನು ಯುರೋಪಿನ ಎಣ್ಣೆಬಣ್ಣದ ರೀತಿಯಲ್ಲಿ ಬರೆದ ಮೊದಲ ಭಾರತೀಯರಲ್ಲಿ ಆತ ಒಬ್ಬ. ಅಣ್ಣನ ದೇವತೆಗಳ ಹಿಂದಿನ ಗುಡ್ಡ, ನೀರು ಎಷ್ಟೋ ಕಡೆ ತಮ್ಮನ ಕೈಯವು. ಅಣ್ಣ ತಮ್ಮ ಇಬ್ಬರೂ ಮೈಸೂರು ಅರಮನೆಗಾಗಿ ಕೆಲಸ ಮಾಡಿದರು. ತಮ್ಮ 1905ರಲ್ಲಿ, ಅಣ್ಣ 1906ರಲ್ಲಿ ತೀರಿಕೊಂಡರು.

● ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಊರಿಗೆ ಮರಳಿ ಊಟಿ, ಕೊಡೈಕೆನಾಲ್‌ಗಳ ಮಂಜು, ಮಳೆ, ಕೆರೆಗಳನ್ನು ಜಲವರ್ಣದಲ್ಲಿ ಬರೆದರು. ಜನರೇ ಇಲ್ಲದ, ಬರೀ ಹವೆಯೇ ತುಂಬಿದ ಚಿತ್ರಗಳು. ವೀಣೆಯನ್ನೂ ಹಟ ಹಿಡಿದು ಕಲಿತವರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಇವರ ಹೆಸರಿನದೇ.

● ರಷ್ಯದ ಬೆಳದಿಂಗಳು ಕನಕಪುರ ರಸ್ತೆಗೆ ಬಂದ ಬಗೆ: 1880ರಲ್ಲಿ ಚಿತ್ರಕಾರ ಅರ್ಖಿಪ್ ಕುಯಿಂಜಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೀಪರ್ ನದಿಯ ಬೆಳದಿಂಗಳ ಒಂದೇ ಒಂದು ಚಿತ್ರವನ್ನು ಕತ್ತಲ ಕೋಣೆಯಲ್ಲಿಟ್ಟು, ಅದರ ಮೇಲೆ ಮಾತ್ರ ದೀಪ ಬಿಟ್ಟು ತೋರಿಸಿದ. ಹಿಂದೆ ಲಾಂದ್ರ ಇಟ್ಟಿರಬೇಕು ಎಂದು ಜನ ಬಗ್ಗಿ ನೋಡಿದರಂತೆ. ಅವನ ಶಿಷ್ಯ ನಿಕೋಲಸ್ ರೋರಿಕ್. ರೋರಿಕ್‌ನ ಮಗ ಸ್ವೆತೊಸ್ಲಾವ್ ನಟಿ ದೇವಿಕಾರಾಣಿಯನ್ನು ಮದುವೆಯಾಗಿ ಬೆಂಗಳೂರಿನ ತಾತಗುಣಿ ತೋಟದಲ್ಲಿ ನೆಲೆಸಿದರು. ಅವರು ಕಣ್ಮುಚ್ಚಿದ್ದು 1993ರಲ್ಲಿ. ಗುರು, ಶಿಷ್ಯ, ಮಗ: ಮೂರೇ ಹೆಜ್ಜೆಗೆ ನೀಪರ್ ನದಿಯಿಂದ ನಮ್ಮ ಕನಕಪುರ ರಸ್ತೆ.

● ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ ಸ್ವಾತಂತ್ರ್ಯ ಹೋರಾಟಗಾರರು, ವಿಧಾನ ಪರಿಷತ್ ಸದಸ್ಯರು, 'ತಾಯಿನಾಡು' ಪತ್ರಿಕೆಯ ಸಂಪಾದಕರು. ಇಷ್ಟೆಲ್ಲ ಆದ ಮೇಲೆ ಪೂರ್ತಿ ಕುಂಚ ಹಿಡಿದು, ಹೂಬಿಟ್ಟ ಮರಗಳನ್ನು ಮರದೆದುರೇ ನಿಂತು ಬರೆದರು. ಅವರ ಕ್ಯಾನ್ವಾಸುಗಳಲ್ಲಿರುವ ಬೆಂಗಳೂರಿನ ಎಷ್ಟೋ ಮರಗಳು ಈಗ ಕ್ಯಾನ್ವಾಸಿನಲ್ಲಿ ಮಾತ್ರ ಇವೆ.

● ಹಳ್ಳಿಗಾಡಿನ ಜನ ಯುರೋಪಿನ ರೀತಿಯ ಭೂದೃಶ್ಯವನ್ನು ಮೊದಲು ನೋಡಿದ್ದು ಮ್ಯೂಸಿಯಮ್ಮಿನಲ್ಲಿ ಅಲ್ಲ, ಕಂಪನಿ ನಾಟಕದಲ್ಲಿ. ಗುಬ್ಬಿ ಕಂಪನಿಯಂಥ ಮಂಡಳಿಗಳ ಕಾಡಿನ ಪರದೆ, ಉದ್ಯಾನದ ಪರದೆ, ಬೀದಿ ಪರದೆಗಳಲ್ಲಿ ದಾರಿ ದೂರ ಹೋದಂತೆ ಕಿರಿದಾಗುತ್ತಿತ್ತು, ಗುಡ್ಡ ನೀಲಿಯಾಗುತ್ತಿತ್ತು. ಪರದೆ ಸುರುಳಿ ಬಿಚ್ಚಿದರೆ ಸಾಕು, ಶಿಳ್ಳೆ ಬೀಳುತ್ತಿತ್ತು. ಫೋಟೊ ಸ್ಟುಡಿಯೊದ ಹಿಂಪರದೆ, ಮದುವೆ ಮನೆಯ ಸ್ವಿಟ್ಜರ್ಲೆಂಡ್ ಪೋಸ್ಟರ್ ಅದರ ಮೊಮ್ಮಕ್ಕಳು.

● ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು, ಒಂದು ತೆಂಗಿನಮರ, ನಾಲ್ಕು ಹಕ್ಕಿ. ಸೀನರಿ ಬರೆಯಿರಿ ಎಂದರೆ ನಮ್ಮ ಮಕ್ಕಳು ಬರೆಯುವುದು ಇದನ್ನೇ. ಸೋಮನಾಥಪುರದ ಬಯಲಿನಲ್ಲಿ ಹುಟ್ಟಿದ, ಎರಡು ಬೆಟ್ಟದ ನಡುವೆ ಸೂರ್ಯ ಏಳುವುದನ್ನು ಎಂದೂ ನೋಡದ ಮಗುವೂ ಹೀಗೇ ಬರೆಯುತ್ತದೆ! ನಾಲೆ, ಕಬ್ಬಿನ ಲಾರಿ, ಪಂಪ್‌ಸೆಟ್ ಮನೆ ಬರೆದರೆ ಅಂಕ ಕಳೆಯುವುದಿಲ್ಲ ಎಂದು ಮೇಷ್ಟ್ರು ಒಮ್ಮೆ ಹೇಳಿದರೆ ಒಳ್ಳೆಯದು.

● ಈಗ ಫ್ರಾನ್ಸಿನ ಆ ಮರುಮಾರಾಟ ಕಾನೂನಿನ ಸೋದರ. 1994ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯ ಕಾಯಿದೆಗೆ 53ಎ ಎಂಬ ಕಲಮು ಸೇರಿದೆ. ಮೂಲ ಚಿತ್ರ 10,000 ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಅದರ ಹಕ್ಕಿನ ಮೊದಲ ಒಡೆಯರಾದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಆ ಬೆಲೆಯಲ್ಲಿ ಪಾಲು ಕೇಳುವ ಹಕ್ಕಿದೆ. ಪಾಲು ಶೇ. 10 ಮೀರುವಂತಿಲ್ಲ. ಮಿಲೆಯ ಮನೆಯವರಿಗೆ ಸಿಗದೇ ಹೋದದ್ದು ತಿ. ನರಸೀಪುರದ ಡ್ರಾಯಿಂಗ್ ಮೇಷ್ಟ್ರ ಮಕ್ಕಳಿಗೆ ಸಿಗಬಹುದು. ನಿಮ್ಮ ಮನೆಯಲ್ಲೂ ಚಿತ್ರ ಬರೆದು ಮಾರುವವರಿದ್ದರೆ ಯಾರಿಗೆ ಮಾರಿದಿರಿ, ಎಷ್ಟಕ್ಕೆ ಮಾರಿದಿರಿ ಎಂಬ ರಸೀದಿಯನ್ನು ಜೋಪಾನವಾಗಿಡಲು ಹೇಳಿ.